ಮನೆಯಿಂದ ಎರಡು ತಾಸು, ಬಯಲಲ್ಲಿ ಎರಡು ರಾತ್ರಿ

ಮಕ್ಕಳನ್ನು ಕಟ್ಟಿಕೊಂಡು ಬಯಲಲ್ಲಿ ಟೆಂಟ್ ಹಾಕಿ ಇದ್ದು ಬರಬೇಕೆಂದರೆ ದೂರದ ಬೆಟ್ಟಕ್ಕೇ ಹೋಗಬೇಕೆಂದೇನಿಲ್ಲ. ಮೊದಲ ಸಲವಂತೂ ದೂರ ಹೋಗಲೇಬಾರದು. ಎಂಟು ತಾಸು ಗಾಡಿಯಲ್ಲಿ ಕೂತು ಬಂದ ಮಗುವಿಗೆ ಜಲಪಾತವೂ ಬೇಡ, ನಕ್ಷತ್ರವೂ ಬೇಡ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಹತ್ತಿರವಿದ್ದರೆ ವಾಪಸು ಬರಬಹುದು. ಜ್ವರ ಬಂತು, ಮಳೆ ನಿಲ್ಲಲೇ ಇಲ್ಲ, ಚಿಕ್ಕದು ಅಳು ನಿಲ್ಲಿಸುತ್ತಿಲ್ಲ ಅಂದರೆ ಗಂಟುಮೂಟೆ ಕಟ್ಟಿ ಹೊರಟುಬಿಡಿ. ದೂರದ ಪ್ರವಾಸದಲ್ಲಿ ‘ಇಷ್ಟು ಖರ್ಚು ಮಾಡಿ ಬಂದಿದ್ದೇವಲ್ಲ’ ಎಂದು ಹಲ್ಲು ಕಚ್ಚಿ ಉಳಿದುಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ. ಯಾವ ಯಾವ ಸಂದರ್ಭದಲ್ಲಿ ಹೊರಟುಬಿಡುವುದು ಎಂದು ಹೊರಡುವ ಮೊದಲೇ ಮಾತಾಡಿಕೊಂಡಿರಿ. ಅಲ್ಲಿ ಹೋಗಿ ಚರ್ಚೆಗೆ ಕೂತರೆ ಜಗಳವೇ ಆಗುತ್ತದೆ.

ಒಂದು ರಾತ್ರಿಗಿಂತ ಎರಡು ರಾತ್ರಿ ಮೇಲು. ಹೊಸ ಜಾಗದ ಮೊದಲ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಆ ರಾತ್ರಿ ಮಿದುಳಿನ ಒಂದು ಪಾಲು ಅರೆ ಎಚ್ಚರದಲ್ಲೇ ಕಾವಲಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಒಂದೇ ರಾತ್ರಿ ಇದ್ದು ಬಂದವರ ಪಾಲಿಗೆ ಸಿಗುವುದು ಆ ಕೆಟ್ಟ ರಾತ್ರಿ ಮಾತ್ರ.

ದಿನ ಮತ್ತು ಜಾಗ

ಕ್ಯಾಲೆಂಡರಿನಲ್ಲಿ ಮೊದಲು ಚಂದ್ರನನ್ನು ನೋಡಿ. ಕತ್ತಲೆಗೆ ಹೆದರುವ ಮಕ್ಕಳಿದ್ದರೆ ಹುಣ್ಣಿಮೆಯ ಆಸುಪಾಸು ಒಳ್ಳೆಯದು. ನಕ್ಷತ್ರ ನೋಡಬೇಕೆಂದರೆ ಅಮಾವಾಸ್ಯೆಯ ಆಚೀಚೆಯ ನಾಲ್ಕೈದು ದಿನ. ಎರಡೂ ಬೇಕೆನ್ನುವವರು ಹುಣ್ಣಿಮೆ ಕಳೆದ ನಾಲ್ಕನೇ ದಿನದ ಹೊತ್ತಿಗೆ ಹೋಗಲಿ. ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಆಗ ಮುಸ್ಸಂಜೆಯ ಮೂರು ತಾಸು ಆಕಾಶ ಕಪ್ಪಗೆ ಸಿಗುತ್ತದೆ, ಆಮೇಲೆ ಬೆಳದಿಂಗಳು ಬರುತ್ತದೆ.

ಜಾಗದ ಮಾಲೀಕರ ಅಥವಾ ಅದನ್ನು ನೋಡಿಕೊಳ್ಳುವ ಇಲಾಖೆಯ ಅನುಮತಿ ಕೈಯಲ್ಲಿರಲಿ. ಬೆಂಕಿ ಹಾಕಬಹುದೇ, ರಾತ್ರಿ ಉಳಿಯಬಹುದೇ ಎಂದು ಬೇರೆ ಬೇರೆಯಾಗಿಯೇ ಕೇಳಿ. ಹತ್ತಿರದ ಆಸ್ಪತ್ರೆ ಎಲ್ಲಿದೆ, ಟೆಂಟ್ ಹಾಕುವಲ್ಲಿ ಫೋನ್ ಸಿಗ್ನಲ್ ಬರುತ್ತದೆಯೇ ಎಂಬುದೂ ಗೊತ್ತಿರಬೇಕು. ಸೂರ್ಯ ಮುಳುಗಲು ಮೂರು ತಾಸಾದರೂ ಇರುವಾಗ ತಲುಪಿ. ಎಷ್ಟು ಹೊತ್ತಿದೆ ಎಂದು ತಿಳಿಯಲು ಕೈ ಮುಂದೆ ಚಾಚಿ, ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ಎಂದು ಅಡ್ಡಡ್ಡ ಅಳೆಯಿರಿ. ಬೆರಳೊಂದಕ್ಕೆ ಹೆಚ್ಚುಕಡಿಮೆ 15 ನಿಮಿಷ. ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳಿನ ಅಂಚು ನೋಡಿದರೆ ಸಾಕು. ಮಕ್ಕಳ ಬೆರಳು ಸಣ್ಣದು, ಆದರೆ ತೋಳೂ ಗಿಡ್ಡ, ಹಾಗಾಗಿ ಅವರ ಲೆಕ್ಕವೂ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ.

ಮನೆಯಲ್ಲೇ ತಾಲೀಮು

ಹೊಸ ಟೆಂಟನ್ನು ಮೊದಲ ಸಲ ಬಿಚ್ಚುವುದು ಬಯಲಲ್ಲಿ ಆಗಬಾರದು. ಅಂಗಳದಲ್ಲೋ ತಾರಸಿಯ ಮೇಲೋ ಒಮ್ಮೆ ನಿಲ್ಲಿಸಿ. ತಾರಸಿಯಲ್ಲಿ ಗೂಟ ಹೊಡೆಯಲಾಗದು, ನೀರು ತುಂಬಿದ ಕ್ಯಾನುಗಳಿಗೆ ಹಗ್ಗ ಕಟ್ಟಿ. ಗೂಟಗಳನ್ನು ಎಣಿಸಿ, ನಾಲ್ಕು ಹೆಚ್ಚೇ ಇಟ್ಟುಕೊಳ್ಳಿ. ಆಮೇಲೆ ಎರಡು ಬಕೆಟ್ ನೀರು ಮೇಲಿಂದ ಸುರಿದು ಒಳಗೆ ಹೋಗಿ ಹೊಲಿಗೆಗಳನ್ನು ಬೆರಳಿಂದ ಒತ್ತಿ ನೋಡಿ. ಸೋರುವುದು ಹೆಚ್ಚಾಗಿ ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಹೊಲಿಗೆಗೆ ಹಚ್ಚುವ ಅಂಟು ಸಿಗುತ್ತದೆ, ಹಚ್ಚಿ ಒಂದು ದಿನ ಒಣಗಲು ಬಿಡಿ.

‘ನಾಲ್ಕು ಜನರ ಟೆಂಟ್’ ಎಂಬ ಚೀಟಿಯನ್ನು ನಂಬಬೇಡಿ. ಒಬ್ಬರಿಗೆ 60 ಸೆಂಟಿಮೀಟರ್ ಅಗಲ ಎಂದು ಲೆಕ್ಕ ಹಾಕಿ ಬರೆದದ್ದು ಅದು. ಹೆಗಲಿಗೆ ಹೆಗಲು ಒತ್ತಿ, ಚೀಲಗಳನ್ನೆಲ್ಲ ಹೊರಗಿಟ್ಟು ಮಲಗಿದರೆ ಮಾತ್ರ ನಾಲ್ವರು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಇರುವ ಮನೆಗೆ ಆರು ಜನರದ್ದು ಸರಿ.

ಸಾಮಾನು ಕಟ್ಟುವಾಗ ಜಾತಿವಾರು ಬೇಡ, ಹೊತ್ತುವಾರು ಕಟ್ಟಿ. ಗಾಡಿ ನಿಂತ ತಕ್ಷಣ ಬೇಕಾಗುವ ಟೆಂಟ್, ಸುತ್ತಿಗೆ, ನೆಲಕ್ಕೆ ಹಾಸುವ ಟಾರ್ಪಾಲು, ನೀರು, ಮಕ್ಕಳ ಬಾಯಿಗೆ ಏನಾದರೂ, ಇವೆಲ್ಲ ಕೊನೆಗೆ ತುಂಬಿ ಮೊದಲು ಕೈಗೆ ಸಿಗಬೇಕು. ಟಾರ್ಚು ತಲೆಗೊಂದು. ಮಕ್ಕಳ ಟಾರ್ಚು ಅವರ ಕೊರಳಲ್ಲೇ ಇರಲಿ, ಜೊತೆಗೊಂದು ಸೀಟಿಯೂ.

ಟೆಂಟ್ ನಿಲ್ಲಿಸುವುದು

ಮೊದಲು ಜಾಗ ಆರಿಸಿ. ಸುತ್ತಲಿಗಿಂತ ತುಸು ಎತ್ತರದ ನೆಲ ಬೇಕು. ತಗ್ಗಿನಲ್ಲಿ ಮಳೆನೀರು ನಿಲ್ಲುತ್ತದೆ, ಮಳೆಯಿಲ್ಲದಿದ್ದರೂ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಹರಿದು ಬಂದು ಅಲ್ಲೇ ತುಂಬುತ್ತದೆ. ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ ಮರಳು ಮರಳಾಗಿ ಕರೆಯುತ್ತದೆ, ಹೋಗಬೇಡಿ. ಮೇಲೆಲ್ಲೋ ಸುರಿದ ಮಳೆ ನಿಮ್ಮ ನೆತ್ತಿಯ ಮೇಲೆ ಮೋಡವೇ ಇಲ್ಲದಾಗ ಬಂದು ಬಡಿಯಬಹುದು. ಮರದ ನೇರ ಕೆಳಗೂ ಬೇಡ. ಒಣಕೊಂಬೆ ಬೀಳುವ ಭಯ ಒಂದು, ಮಳೆ ನಿಂತರೂ ಮರ ತೊಟ್ಟಿಕ್ಕುತ್ತಲೇ ಇರುವುದು ಇನ್ನೊಂದು. ಮರದ ಸಾಲಿನಿಂದ ತುಸು ದೂರ, ಪಶ್ಚಿಮದ ಕಡೆ ಇದ್ದರೆ ಬೆಳಗಿನ ಬಿಸಿಲು ತಡವಾಗಿ ಬೀಳುತ್ತದೆ, ಮಕ್ಕಳು ಇನ್ನೊಂದು ತಾಸು ಮಲಗುತ್ತಾರೆ.

ಕಲ್ಲು, ಕಡ್ಡಿ, ಮುಳ್ಳು ಆರಿಸಿ ತೆಗೆದು, ಟಾರ್ಪಾಲು ಹಾಸುವ ಮೊದಲು ನೆಲದ ಮೇಲೆ ನೀವೇ ಮಲಗಿ ನೋಡಿ. ಕಣ್ಣಿಗೆ ಕಾಣದ ಇಳಿಜಾರು ಬೆನ್ನಿಗೆ ಗೊತ್ತಾಗುತ್ತದೆ. ಇಳಿಜಾರು ತಪ್ಪದಿದ್ದರೆ ತಲೆ ಎತ್ತರದ ಕಡೆಗಿರಲಿ. ಅಡ್ಡಕ್ಕೆ ಮಲಗಿದರೆ ಬೆಳಗಿನೊಳಗೆ ಎಲ್ಲರೂ ಉರುಳಿ ಒಂದೇ ಗೋಡೆಗೆ ಬಂದಿರುತ್ತೀರಿ.

ಟಾರ್ಪಾಲಿನ ಅಳತೆಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಟೆಂಟಿನಿಂದ ಅರ್ಧ ಮೀಟರ್ ಹೊರಗೆ ಬರುವಂತೆ ಹಾಸುತ್ತಾರೆ. ಮಳೆ ಬಂದಾಗ ಟೆಂಟಿನ ಗೋಡೆಯಿಂದ ಇಳಿದ ನೀರೆಲ್ಲ ಆ ಅಂಚಿನ ಮೇಲೆ ಬಿದ್ದು, ಜಾರಿ ಟೆಂಟಿನ ತಳಕ್ಕೂ ಟಾರ್ಪಾಲಿಗೂ ನಡುವೆ ಸೇರುತ್ತದೆ. ಆಮೇಲೆ ಮಲಗುವುದು ಕೆರೆಯ ಮೇಲೆ. ಟಾರ್ಪಾಲು ಟೆಂಟಿನ ತಳಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳು ಚಿಕ್ಕದಿರಬೇಕು. ಹೆಚ್ಚಿದ್ದರೆ ಒಳಕ್ಕೆ, ಕೆಳಮುಖವಾಗಿ ಮಡಚಿ.

ಬಾಗಿಲು ಗಾಳಿ ಬೀಸುವ ಕಡೆಗೆ ಬೇಡ. ಗಾಳಿ ಇದ್ದರೆ ಅದಕ್ಕೆ ಎದುರಾದ ಎರಡು ಮೂಲೆಗಳಿಗೆ ಮೊದಲು ಗೂಟ ಹೊಡೆಯಿರಿ, ಆಮೇಲೆ ಕೋಲು ಸೇರಿಸಿ. ಗೂಟ ನೆಟ್ಟಗೆ ಇಳಿಯಬಾರದು. ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಕಡೆಗೆ ಇಳಿದಿರಬೇಕು. ಹಗ್ಗ ಎಳೆದಷ್ಟೂ ಮಣ್ಣು ಹಿಡಿದುಕೊಳ್ಳುತ್ತದೆ. ಟೆಂಟಿನ ಕಡೆಗೇ ವಾಲಿಸಿ ಹೊಡೆದ ಗೂಟ ನಡುರಾತ್ರಿಯ ಮೊದಲ ಬೀಸು ಗಾಳಿಗೇ ಕಿತ್ತು ಬರುತ್ತದೆ. ಸಡಿಲ ಮಣ್ಣಾದರೆ ಗೂಟದ ಮೇಲೆ ತಲೆಗಾತ್ರದ ಕಲ್ಲು ಹೇರಿ.

ಹಗ್ಗಕ್ಕೆ ಒಂದೇ ಗಂಟು ಕಲಿತರೆ ಸಾಕು. ಹಗ್ಗವನ್ನು ಗೂಟಕ್ಕೆ ಸುತ್ತಿ ತುದಿಯನ್ನು ಹಿಂದಕ್ಕೆ ತನ್ನಿ. ಬಿಗಿದ ಹಗ್ಗಕ್ಕೆ, ಕುಣಿಕೆಯ ಒಳಗಡೆ, ತುದಿಯನ್ನು ಎರಡು ಸುತ್ತು ಹಾಕಿ. ಕುಣಿಕೆಯಿಂದ ಆಚೆ, ಟೆಂಟಿನ ಕಡೆ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ ತೂರಿಸಿ ಎಳೆಯಿರಿ. ಈ ಗಂಟನ್ನು ಕೈಯಿಂದ ಸರಿಸಿದರೆ ಸರಿಯುತ್ತದೆ, ಗಾಳಿ ಎಳೆದರೆ ಕಚ್ಚಿಕೊಳ್ಳುತ್ತದೆ. ಇದು ಬೇಕಾಗುವುದೇಕೆಂದರೆ ನೈಲಾನ್ ಬಟ್ಟೆ ಒದ್ದೆಯಾದರೆ ಹಿಗ್ಗಿ ಜೋಲುತ್ತದೆ. ಜೋತ ಹೊರಹೊದಿಕೆ ಒಳಪದರಕ್ಕೆ ತಾಗಿದ ಕಡೆ ನೀರು ಜಿನುಗುತ್ತದೆ. ಮಲಗುವ ಮುನ್ನ ಒಂದು ಸುತ್ತು ಹೋಗಿ ಗಂಟುಗಳನ್ನೆಲ್ಲ ಬಿಗಿ ಮಾಡಿ. ಕಾಲಿಗೆ ತೊಡರದಂತೆ ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ, ಏಕೆಂದರೆ ಕತ್ತಲಾದ ಮೇಲೆ ಮಕ್ಕಳು ನಡೆಯುವುದಿಲ್ಲ, ಓಡುತ್ತಾರೆ.

ಬೆಚ್ಚಗೆ ಮಲಗಲು

ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಮೈಭಾರಕ್ಕೆ ಅಡಿಯ ಹೊದಿಕೆ ಒತ್ತಿಹೋಗಿ ಅದರೊಳಗಿನ ಗಾಳಿ ಖಾಲಿಯಾಗುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಅದಕ್ಕೇ ಒತ್ತಿದರೂ ಚಪ್ಪಟೆಯಾಗದ ಫೋಮ್ ಚಾಪೆ ಬೇಕು. ಮೂರು ಕಂಬಳಿ ಇದ್ದರೆ ಎರಡು ಕೆಳಗೆ, ಒಂದು ಮೇಲೆ.

ಬೆಳಗ್ಗೆ ಒಳಗೋಡೆಯಲ್ಲಿ ನೀರಿಳಿದರೆ ಟೆಂಟ್ ಸೋರಿತೆಂದು ಬೈಯಬೇಡಿ. ಅದು ನಿಮ್ಮದೇ ಉಸಿರು. ಚಳಿಯೆಂದು ಗಾಳಿಕಿಂಡಿ ಮುಚ್ಚಿದಷ್ಟೂ ಹೆಚ್ಚು ತೊಟ್ಟಿಕ್ಕುತ್ತದೆ. ಎದುರುಬದುರು ಎರಡು ಕಿಂಡಿ ತೆರೆದಿಡಿ. ದಿನವಿಡೀ ತೊಟ್ಟ ಬಟ್ಟೆಯಲ್ಲಿ ಬೆವರಿನ ತೇವ ಇರುತ್ತದೆ, ಮಲಗುವಾಗ ಬದಲಿಸಿ.

ಚಳಿಗೆಂದು ಒಲೆಯನ್ನೋ ಕೆಂಡದ ಬಾಣಲೆಯನ್ನೋ ಒಳಗೆ ತರುವುದು ಮಾತ್ರ ಕೂಡದು. ಆರಿದಂತೆ ಕಾಣುವ ಇದ್ದಿಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಮಳೆ ಬಂದರೆ ಅಡುಗೆ ಬಿಡಿ, ತಣ್ಣಗಿದ್ದದ್ದನ್ನೇ ತಿನ್ನಿ.

ನೀರು, ಒಲೆ, ಶೌಚ

ತಲೆಗೆ ದಿನಕ್ಕೆ ಐದು ಲೀಟರ್ ಹಿಡಿಯಿರಿ, ಕುಡಿಯಲು, ಅಡುಗೆಗೆ, ಪಾತ್ರೆಗೆ ಸೇರಿ. ನಾಲ್ವರಿಗೆ ಎರಡು ದಿನಕ್ಕೆ 40 ಲೀಟರ್. ಹತ್ತು ಲೀಟರಿನ ನಾಲ್ಕು ಕ್ಯಾನುಗಳಲ್ಲಿ ತನ್ನಿ, ಒಂದು ಸೋರಿದರೂ ಮೂರು ಉಳಿಯುತ್ತವೆ. ಹೊಳೆಯ ನೀರು ಬಳಸಲೇಬೇಕಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. 2000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಮೂರು ನಿಮಿಷ ಬೇಕು.

ಒಲೆ ಟೆಂಟಿನಿಂದ ಕನಿಷ್ಠ ಮೂರು ಮೀಟರ್ ದೂರ, ಗಾಳಿ ಟೆಂಟಿನ ಕಡೆಗೆ ಬೀಸದ ಬದಿಯಲ್ಲಿರಲಿ. ಮೊದಲ ರಾತ್ರಿಯ ಊಟ ಮನೆಯಿಂದಲೇ ಬರಲಿ. ಬೇಯಿಸಿದ್ದು ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯಲ್ಲಾದರೆ ಒಂದೇ ತಾಸು. ತಂಪುಪೆಟ್ಟಿಗೆಗೆ ಮಂಜುಗಡ್ಡೆ ಬದಲು ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಇಡಿ. ಕರಗಿದರೆ ಅದೇ ಕುಡಿಯುವ ನೀರು, ಪೆಟ್ಟಿಗೆಯಲ್ಲಿ ರಾಡಿಯೂ ಇಲ್ಲ.

ಶೌಚಾಲಯವಿಲ್ಲದ ಕಡೆ ನೀರಿನಿಂದ ಮತ್ತು ಟೆಂಟಿನಿಂದ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಬೇಕು. ಅದಕ್ಕಿಂತ ಆಳ ಹೋದರೆ ಕೊಳೆಸುವ ಸೂಕ್ಷ್ಮಜೀವಿಗಳು ಕಡಿಮೆ. ಡೈಪರ್, ಪ್ಯಾಡ್, ಒದ್ದೆ ಟಿಶ್ಯೂ ಹೂಳಬೇಡಿ, ಕಟ್ಟಿಕೊಂಡು ವಾಪಸು ತನ್ನಿ.

ಹಗಲಿನ ಹೊತ್ತು

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ನಡೆಯುತ್ತದೆ: ಐದು ಕಿಲೋಮೀಟರಿಗೆ ಒಂದು ತಾಸು, 600 ಮೀಟರ್ ಏರಿಗೆ ಇನ್ನೊಂದು ತಾಸು. ಇದು ಗಟ್ಟಿಮುಟ್ಟಾದ ದೊಡ್ಡವರ ನಡಿಗೆ. ಆರೇಳು ವರ್ಷದ ಮಕ್ಕಳಿದ್ದರೆ ಎರಡರಿಂದ ಗುಣಿಸಿ. ಅದರ ಮೇಲೆ, ದಾರಿಯಲ್ಲಿ ಇರುವೆ ಸಾಲು ನೋಡಲು ಕೂತ ಹೊತ್ತು ಬೇರೆ. ಆ ಹೊತ್ತನ್ನು ಕಡಿತಗೊಳಿಸಲು ಹೋಗಬೇಡಿ, ಮಕ್ಕಳಿಗೆ ರಜೆ ಎಂದರೆ ಅದೇ.

ಬಿಸಿಲಿದ್ದರೆ ಒಂದು ಮೀಟರ್ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿಸಿ. ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ರಾತ್ರಿ ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ. ಕಣ್ಣು ಕತ್ತಲೆಗೆ ಹೊಂದಲು 20ರಿಂದ 30 ನಿಮಿಷ ಬೇಕು, ಒಂದು ಸಲ ಫೋನ್ ಬೆಳಗಿದರೆ ಮತ್ತೆ ಮೊದಲಿಂದ.

ನೀರಿಗೆ ಇಳಿಯುವುದಾದರೆ ಒಬ್ಬ ದೊಡ್ಡವರು ಕೈಗೆಟುಕುವಷ್ಟು ಹತ್ತಿರ ನೀರಲ್ಲೇ ನಿಂತಿರಬೇಕು, ದಂಡೆಯಲ್ಲಲ್ಲ. ಮುಳುಗುವ ಮಗು ಕೂಗುವುದಿಲ್ಲ, ಬಾಯಿ ನೀರಲ್ಲಿರುತ್ತದೆ. ಗಾಳಿ ತುಂಬಿದ ಟ್ಯೂಬು ಆಟಿಕೆ, ರಕ್ಷಣೆಯಲ್ಲ, ಗಾಳಿಗೆ ತೇಲಿ ನಡುನೀರಿಗೆ ಹೋಗುತ್ತದೆ. ದಾರಿ ತಪ್ಪಿದರೆ ಹುಡುಕುತ್ತಾ ಅಲೆಯದೆ ಹತ್ತಿರದ ಮರದ ಬಳಿ ನಿಂತು ಮೂರು ಮೂರು ಸಲ ಸೀಟಿ ಊದಬೇಕು ಎಂದು ಆಟವಾಡಿಸಿಯೇ ಕಲಿಸಿ.

ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗಿದರೆ ಎಲ್ಲರೂ ಗಾಡಿಯೊಳಗೆ, ಗಾಜು ಏರಿಸಿ. ಟೆಂಟ್ ಸಿಡಿಲು ತಡೆಯುವುದಿಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯದೆ ಇಳಿಯಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಹಿಡಿದು ನೇರ ಆಸ್ಪತ್ರೆಗೆ. ಬೆಳಗ್ಗೆ ಬೂಟು ಹಾಕುವ ಮುನ್ನ ಕವುಚಿ ಕೊಡವಿ.

ಹೊರಡುವ ದಿನ

ಬೆಂಕಿ ಹಾಕಿದ್ದರೆ ನೀರು ಹೊಯ್ದು, ಕೋಲಿನಿಂದ ಕಲಸಿ, ಮತ್ತೆ ಹೊಯ್ಯಿರಿ. ಬೂದಿಯನ್ನು ಅಂಗೈ ಹಿಂಬದಿಯಿಂದ ಮುಟ್ಟಿ ತಣ್ಣಗಿದೆಯೆಂದು ಖಾತ್ರಿಯಾದ ಮೇಲೇ ಬಿಡಿ. ಮೇಲೆ ಮಣ್ಣು ಮುಚ್ಚಿದರೆ ಕೆಂಡ ಅಡಿಯಲ್ಲಿ ಗಂಟೆಗಟ್ಟಲೆ ಉಳಿದೇ ಇರುತ್ತದೆ.

ಬೆಳಗಿನ ಇಬ್ಬನಿಗೆ ಒದ್ದೆಯಾದ ಟೆಂಟನ್ನು ಹಾಗೇ ಸುತ್ತಿ ತಂದರೂ ಪರವಾಗಿಲ್ಲ, ಮನೆ ಹತ್ತಿರವಿದೆಯಲ್ಲ. ಆದರೆ ಅದೇ ಸಂಜೆ ಬಿಚ್ಚಿ ನೆರಳಲ್ಲಿ ಹರವಿ. ಒಂದೆರಡು ದಿನ ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಮತ್ತೆ ಹೋಗುವುದಿಲ್ಲ. ಗೂಟದ ಮಣ್ಣು ತೊಳೆದು ಎಣಿಸಿಡಿ. ಮುಟ್ಟದೇ ವಾಪಸು ಬಂದ ಸಾಮಾನಿನ ಪಟ್ಟಿ ಬರೆದು ಟೆಂಟಿನ ಚೀಲದೊಳಗೇ ಹಾಕಿ. ಮುಂದಿನ ಸಲ ಗಾಡಿ ತುಂಬುವಾಗ ಮೊದಲು ಕೈಗೆ ಸಿಗುವುದು ಆ ಚೀಟಿ.