ಹೆಸರಿಗಿಂತ ಮೊದಲು ಸರಕನ್ನು ಓದಲು ಕಲಿತದ್ದು

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ನಾನು ಬೆಂಗಳೂರಿನಲ್ಲಿ, ವಿದೇಶಿ ಬ್ಯಾಂಕೊಂದರ ಕಚೇರಿಯಲ್ಲಿ, ಆಮದು-ರಫ್ತಿನ ದಾಖಲೆಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೆ. ಅಲ್ಲಿಯವರೆಗೆ ನಮ್ಮ ಕೆಲಸ ಬಹುಪಾಲು ಹೆಸರುಗಳದ್ದು: ನಿರ್ಬಂಧದ ಪಟ್ಟಿಯಲ್ಲಿರುವ (ಅಂದರೆ ಯಾರೊಡನೆ ವ್ಯವಹರಿಸಬಾರದೆಂದು ಸರ್ಕಾರಗಳು ಹೇಳಿವೆಯೋ ಅವರ) ಹೆಸರನ್ನು ಹೋಲುವ ಹೆಸರು ಕಂಡರೆ ಕಂಪ್ಯೂಟರ್ ಪಾವತಿಯನ್ನು ತಡೆಹಿಡಿಯುತ್ತಿತ್ತು, ಇಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂದು ನಾವು ತೀರ್ಮಾನಿಸುತ್ತಿದ್ದೆವು. ರಷ್ಯನ್ ಹೆಸರೊಂದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲವು ಬಗೆಯಾಗಿ ಬರೆಯಬಹುದು. 'ಗೌಡ' ಎಂಬುದನ್ನು ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ ಬರೆದದ್ದನ್ನು ಕಂಡಿದ್ದ ನಮಗೆ ಅದು ಹೊಸದೇನಲ್ಲ.

ಆದರೆ ಯುದ್ಧ ಮುಂದುವರಿದಂತೆ ಹೆಸರು ನೋಡಿದರೆ ಸಾಲದಾಯಿತು. ರಣರಂಗದಲ್ಲಿ ಸಿಕ್ಕ ರಷ್ಯಾದ ಶಸ್ತ್ರಾಸ್ತ್ರಗಳೊಳಗಿನ ಬಿಡಿಭಾಗಗಳನ್ನು ಆಧರಿಸಿ ಅಮೆರಿಕ, ಐರೋಪ್ಯ ಒಕ್ಕೂಟ, ಬ್ರಿಟನ್ ಮತ್ತು ಜಪಾನ್ ಸಿದ್ಧಪಡಿಸಿದ ಪಟ್ಟಿಯಲ್ಲಿ ಈಗ 50 ಎಚ್‌ಎಸ್ ಕೋಡ್‌ಗಳಿವೆ, ಅಂದರೆ ಸರಕಿನ ಬಗೆಯನ್ನು ಗುರುತಿಸಲು ಕಸ್ಟಮ್ಸ್‌ನವರು ಬಳಸುವ ಅಂತರರಾಷ್ಟ್ರೀಯ ಸಂಖ್ಯೆಗಳು. ಅದರ ಮೊದಲ ಸಾಲಿನಲ್ಲಿರುವುದು 8542.31, ಅಂದರೆ ಪ್ರೊಸೆಸರ್ ಚಿಪ್‌ಗಳು. ಇವು ಮೂರನೆಯ ದೇಶಗಳ ಮೂಲಕ ರಷ್ಯಾಕ್ಕೆ ಸಾಗುತ್ತಿದ್ದವು. ಹೀಗಾಗಿ ನಾನು ಓದುವ ಕ್ರಮವನ್ನೇ ಬದಲಿಸಿದೆ: ಮೊದಲು ಕೋಡ್, ಆಮೇಲೆ ತೂಕ ಮತ್ತು ಬೆಲೆ, ಆಮೇಲೆ ಕೊಳ್ಳುವ ಕಂಪನಿ ನೋಂದಣಿಯಾದ ದಿನಾಂಕ, ಕೊನೆಗೆ ಹೆಸರು.

ಒಮ್ಮೆ ಇನ್‌ವಾಯ್ಸಿನಲ್ಲಿ 'ಗೃಹೋಪಯೋಗಿ ಯಂತ್ರದ ಬಿಡಿಭಾಗ' ಎಂದಿತ್ತು. ವಿಮಾನ ಸಾಗಣೆಯ ದಾಖಲೆಯಾದ ಏರ್‌ವೇ ಬಿಲ್ಲಿನಲ್ಲಿ ತೂಕ ಹನ್ನೆರಡು ಕಿಲೋ, ಬೆಲೆ ಮಾತ್ರ ಲಕ್ಷಾಂತರ ಡಾಲರ್. ಕೊಳ್ಳುವವರು ಮಧ್ಯ ಏಷ್ಯಾದವರು, ಕಂಪನಿ ಹುಟ್ಟಿದ್ದು ಯುದ್ಧ ಶುರುವಾದ ಮೇಲೆ. ಅಂತಿಮ ಬಳಕೆದಾರರು ಯಾರೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಪಾವತಿಯನ್ನು ನಿರಾಕರಿಸಬೇಕೆಂದು ಬರೆದೆ. ಉಕ್ರೇನಿನ ಪುನರ್ನಿರ್ಮಾಣಕ್ಕೆ ಹತ್ತು ವರ್ಷಗಳಲ್ಲಿ 524 ಬಿಲಿಯನ್ ಡಾಲರ್ ಬೇಕೆಂದು ವಿಶ್ವಬ್ಯಾಂಕ್ ಮತ್ತು ಅದರ ಸಹಭಾಗಿಗಳು 2025ರ ಫೆಬ್ರುವರಿಯಲ್ಲಿ ಅಂದಾಜಿಸಿದಾಗ ನನಗೆ ನೆನಪಾದದ್ದು ಆ ಹನ್ನೆರಡು ಕಿಲೋ. ಮನೆಗಳನ್ನು ಕೆಡವುವ ಕ್ಷಿಪಣಿಗೆ ಬೇಕಾದ ಚಿಪ್‌ಗಳು ಅಂಥ ಪೊಟ್ಟಣದಲ್ಲೇ ಹಿಡಿಯುತ್ತವೆ.

ಇದೇ ಎಚ್ಚರಿಕೆಯಿಂದ ನಾನು ತಪ್ಪನ್ನೂ ಮಾಡಿದ್ದೇನೆ. ರಷ್ಯಾಕ್ಕೆ ಔಷಧ ಕಳುಹಿಸಿದ್ದ ಸಣ್ಣ ರಫ್ತುದಾರರೊಬ್ಬರ ಹಣವನ್ನು, ಔಷಧಕ್ಕೆ ನಿರ್ಬಂಧದಿಂದ ವಿನಾಯಿತಿ ಇದೆಯೆಂದು ತಿಳಿದಿದ್ದೂ, ಎರಡು ವಾರ ತಡೆದಿಟ್ಟೆ. ಆ ತಿಂಗಳು ಅವರು ಕೆಲಸಗಾರರಿಗೆ ಸಂಬಳ ಕೊಡಲು ಸಾಲ ಮಾಡಿದರೆಂದು ಆಮೇಲೆ ತಿಳಿಯಿತು. ಔಷಧ ಮತ್ತು ಆಹಾರದ ದಾಖಲೆಗಳಿಗೆ ಬೇರೆಯೇ ಸರದಿ ಇರಲೆಂದು ಅಂದೇ ಮೇಲಧಿಕಾರಿಗಳನ್ನು ಕೇಳಿಕೊಂಡೆ; ಈಗ ಅಂಥ ಕಡತವನ್ನು ಬಂದ ದಿನವೇ ಅನುಭವಿಯೊಬ್ಬರು ಓದುತ್ತಾರೆ.