ಪೈರೀನ್ ಎಲ್ಲಿ ಕೂತಿದೆ?

ಮೈಸೂರಿನ ಲ್ಯಾಬಿನಲ್ಲಿ ನಾನು ಮಿಸೆಲ್ ಕೆಲಸ ಕಲಿತದ್ದು ಎಸ್‌ಡಿಎಸ್ ಮತ್ತು ಪೈರೀನ್ ಜೋಡಿಯಿಂದ. ಪೈರೀನ್ ಬೆಳಕು ಕೊಟ್ಟರೆ ತಾನೂ ಬೆಳಕು ಸೂಸುವ ಅಣು. ಸುತ್ತ ನೀರಿದೆಯೋ ಎಣ್ಣೆಯೋ ಎಂಬುದು ಆ ಬೆಳಕಿನಲ್ಲಿ ಗೊತ್ತಾಗುತ್ತದೆ. ಎಸ್‌ಡಿಎಸ್ ನೊರೆ ಬರಿಸುವ ಬಿಳಿ ಪುಡಿ. ನೀರಿನಲ್ಲಿ ಸುಮಾರು 8 ಮಿಲಿಮೋಲಾರ್ ದಾಟಿದರೆ ಅದರ ಅಣುಗಳು ನೀರಿಗೆ ಒಗ್ಗದ ಬಾಲ ಒಳಗೆ, ನೀರಿಗೆ ಒಗ್ಗುವ ತಲೆ ಹೊರಗೆ ಮಾಡಿಕೊಂಡು ಗುಂಪು ಕಟ್ಟುತ್ತವೆ. ಅದೇ ಮಿಸೆಲ್.

ಡಿಸೆಂಬರ್ ಬೆಳಿಗ್ಗೆ ಇಲ್ಲಿನ ಚಳಿಗೆ ಗಟ್ಟಿ ಎಸ್‌ಡಿಎಸ್ ದ್ರಾವಣದ ತಳದಲ್ಲಿ ಬಿಳಿ ಹರಳು ಕಟ್ಟುತ್ತದೆ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ತಿಳಿಯಾದ ಮೇಲೇ ಕೈ ಹಾಕಬೇಕು. ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ಪೈರೀನ್ ನೀರಿನಲ್ಲಿ ಕರಗುವುದೇ ಅಪರೂಪ. ಎಥನಾಲ್‌ನಲ್ಲಿ ಕರಗಿಸಿ, ಖಾಲಿ ಬಾಟಲಿಗೆ ಒಂಚೂರು ಬಿಟ್ಟು, ಎಥನಾಲ್ ಪೂರ್ತಿ ಆರಿದ ಮೇಲೆ ಎಸ್‌ಡಿಎಸ್ ದ್ರಾವಣ ಹಾಕಿ ರಾತ್ರಿಯಿಡೀ ಕಲಕಲು ಬಿಡುತ್ತೇನೆ. ಜಾಸ್ತಿ ಹಾಕಿದರೆ ಒಂದೇ ಮಿಸೆಲ್‌ನಲ್ಲಿ ಎರಡು ಪೈರೀನ್ ಸೇರಿ, 470 ನ್ಯಾನೊಮೀಟರ್ ಅಲೆಯುದ್ದದ ಹತ್ತಿರ ಅಗಲವಾದ ಬೇರೆಯೇ ಬೆಳಕು ಬರುತ್ತದೆ.

335 ನ್ಯಾನೊಮೀಟರ್‌ನ ಬೆಳಕು ಕೊಟ್ಟು, ಪೈರೀನ್ ಸೂಸುವ ಬೆಳಕಿನಲ್ಲಿ 373 ಮತ್ತು 384ರ ಪೀಕ್‌ಗಳನ್ನು ನೋಡುತ್ತೇನೆ. ಯಂತ್ರದಲ್ಲಿ ಬೆಳಕು ಹಾಯುವ ಸ್ಲಿಟ್ ಕಿರಿದಾಗಿರಲೇಬೇಕು, ಅಗಲವಾದರೆ ಪೀಕ್‌ಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನೀರಿನಲ್ಲಿ ಸುಮಾರು 1.8, ಎಣ್ಣೆಯಂಥ ಹೆಕ್ಸೇನ್‌ನಲ್ಲಿ ಸುಮಾರು 0.6. ಎಸ್‌ಡಿಎಸ್ ಹೆಚ್ಚಿಸುತ್ತಾ ಹೋದಂತೆ ಈ ಅನುಪಾತ ಮೊದಲು ಅಲ್ಲಾಡುವುದಿಲ್ಲ, ಆಮೇಲೆ ಸರ್ರನೆ ಇಳಿದು 1.1ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಆ 1.1 ನೋಡಿ 'ಮಿಸೆಲ್‌ನ ಒಳಭಾಗ ಹೀಗಿದೆ' ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒಳಗಿರುವುದು ಬರೀ ಎಣ್ಣೆಯಂಥ ಬಾಲಗಳು. ಪೈರೀನ್ ಅಲ್ಲೇ ಕೂತಿದ್ದರೆ ಹೆಕ್ಸೇನ್‌ನ ಹತ್ತಿರದ ಅಂಕಿ ಬರಬೇಕಿತ್ತು, ಅಲ್ವಾ? ಅದು ಹೆಚ್ಚಾಗಿ ಕೂರುವುದು ತಲೆಗಳ ಪಕ್ಕ, ನೀರು ತಾಗುವ ಜಾಗದಲ್ಲಿ. ನೆರೆಮನೆಯವರು ಹೇಳಿದ ಸುದ್ದಿಯನ್ನು ಊರಿಗೆಲ್ಲ ಅನ್ವಯಿಸಬಾರದು.

ಜೀವಕೋಶದ ಪೊರೆಯಂಥ ಲಿಪಿಡ್ ಪದರಕ್ಕೆ ನಾನು ಬಳಸುವುದು ಲಾರ್ಡಾನ್, ಪೈರೀನ್‌ನಂತೆ ಬೆಳಕು ಸೂಸುವ ಇನ್ನೊಂದು ಅಣು. ಡಿಪಿಪಿಸಿ ಲಿಪಿಡ್ ಸುಮಾರು 41 ಡಿಗ್ರಿಯಲ್ಲಿ ಬಿಗಿ ಕಳೆದುಕೊಂಡು ಸಡಿಲವಾಗುತ್ತದೆ. ಬಿಗಿಯಾಗಿದ್ದಾಗ 440ರ ನೀಲಿ ಬೆಳಕು, ಸಡಿಲವಾದಾಗ 490ರ ಕಡೆಗೆ ಜರುಗುತ್ತದೆ. ಕಾರಣ, ತಲೆಗಳ ಸಂದಿಗೆ ನುಗ್ಗುವ ನೀರು. ಡಿಪಿಎಚ್ ಎಂಬ ಬೆಳಕು ಸೂಸುವ ಮತ್ತೊಂದು ಅಣು ಹಾಗಲ್ಲ. ಅದು ಬಾಲಗಳ ನಡುವೆ ಆಳದಲ್ಲಿ ಕೂರುತ್ತದೆ, ನೀರಿನ ಸುದ್ದಿ ಹೇಳುವುದಿಲ್ಲ. ಸುತ್ತಲಿನ ಬಾಲಗಳು ಎಷ್ಟು ಬಿಗಿ ಅನ್ನುವುದು ಅದರ ಬೆಳಕಿನ ಧ್ರುವೀಕರಣದಲ್ಲಿ, ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟು ಕಂಪಿಸುತ್ತವೆ ಅನ್ನುವುದರಲ್ಲಿ, ಗೊತ್ತಾಗುತ್ತದೆ. ಅದಕ್ಕೇ ಒಂದೇ ಪೊರೆಗೆ ಎರಡನ್ನೂ ಬೇರೆ ಬೇರೆ ಕ್ಯುವೆಟ್‌ಗಳಲ್ಲಿ (ಅಳತೆಯ ಪುಟ್ಟ ಪಾರದರ್ಶಕ ಡಬ್ಬಿಗಳಲ್ಲಿ) ಹಾಕಿ ನೋಡುತ್ತೇನೆ.