ಸವಳು-ಜವಳು ಹೊಲಕ್ಕೊಂದು ಮ್ಯಾಟ್ರಿಕ್ಸ್: ಉಪ್ಪು ತಾನಾಗಿ ಇಳಿಯುತ್ತಾ, ಏರುತ್ತಲೇ ಹೋಗುತ್ತಾ ಅಂತ ಲೆಕ್ಕ ಹಾಕುವುದು ಹೇಗೆ

ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಎರೆ ಭೂಮಿಯಲ್ಲಿ ಬೇಸಿಗೆ ಬಂತೆಂದರೆ ಹಲವು ಹೊಲಗಳ ಮೇಲೆ ಬಿಳಿ ಉಪ್ಪು ಕಾಣಿಸುತ್ತದೆ. ಉಪ್ಪೇರಿದ ನೆಲ ಸವಳು, ನೀರು ನಿಂತು ಕೆಟ್ಟ ನೆಲ ಜವಳು. ಆಗ ಎಲ್ಲರೂ ಕೇಳುವುದು ಒಂದೇ. ಇದು ಮುಂದಿನ ಮಳೆಗೆ ತೊಳೆದು ಹೋಗುತ್ತಾ, ಇಲ್ಲಾ ವರ್ಷ ವರ್ಷಕ್ಕೂ ಜಾಸ್ತಿ ಆಗುತ್ತಾ? ಅಂದಾಜಿನ ಉತ್ತರ ಎಲ್ಲರ ಹತ್ತಿರವೂ ಇದೆ. ಲೆಕ್ಕದ ಉತ್ತರವನ್ನೂ ತೆಗೆಯಬಹುದು, ಅದಕ್ಕೆ ಪಿಯುಸಿಯಲ್ಲಿ ಕಲಿತ 2×2 ಮ್ಯಾಟ್ರಿಕ್ಸ್ ಸಾಕು. ಕೃಷಿ ಓದುವ ಹುಡುಗರು, ಗಣಿತ ಗೊತ್ತಿರುವ ರೈತರ ಮಕ್ಕಳು ಇದನ್ನು ಒಮ್ಮೆ ತಮ್ಮ ಹೊಲಕ್ಕೇ ಮಾಡಿ ನೋಡಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೊಲದಲ್ಲಿ ಏನಾಗುತ್ತಿದೆ ಅಂತ ನೋಡೋಣ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ತೆಳ್ಳಗೆ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸಿಕೊಳ್ಳಲಿ, ಜಾಸ್ತಿ ಜನಕ್ಕೆ ನೀರು ಮುಟ್ಟಲಿ ಅನ್ನುವುದು ಮೂಲ ಯೋಜನೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಭತ್ತದ ಗದ್ದೆಯಲ್ಲಿ ನಿಂತ ನೀರು, ಕಾಲುವೆಯಿಂದ ಬಸಿದ ನೀರು ಎರಡೂ ಸೇರಿ ನೆಲದೊಳಗಿನ ನೀರಿನ ಮಟ್ಟ ಮೇಲೆ ಬರುತ್ತದೆ. ಅದು ಮೇಲ್ಮೈಯಿಂದ ಒಂದೂವರೆ, ಎರಡು ಮೀಟರಿನ ಒಳಗೆ ಬಂದರೆ ತೊಂದರೆ ಶುರು. ಜಿಗುಟು ಎರೆ ಮಣ್ಣು ನೀರನ್ನು ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೆ ಎಳೆಯುತ್ತದೆ, 40 ಡಿಗ್ರಿ ಬಿಸಿಲಲ್ಲಿ ನೀರು ಆರುತ್ತದೆ, ಉಪ್ಪು ಬೇರಿನ ಹತ್ತಿರವೇ ಉಳಿಯುತ್ತದೆ.

ಒಳ್ಳೆಯ ನೀರಿನಲ್ಲೂ ಉಪ್ಪಿರುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. ನೀರಿನ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 1 ಡೆಸಿಸೀಮೆನ್ಸ್ ಇದ್ದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಉಪ್ಪು. ಇ.ಸಿ. ಬರೀ 0.3 ಇರುವ ನೀರನ್ನು ಭತ್ತಕ್ಕೆ 1200 ಮಿಲಿಮೀಟರ್ ಕೊಟ್ಟರೆ ಎಕರೆಗೆ ಹೆಚ್ಚುಕಡಿಮೆ 9 ಕ್ವಿಂಟಲ್ ಉಪ್ಪು ಒಳಗೆ ಬಂತು ಅಂತ ಲೆಕ್ಕ. ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಅದು ಅಲ್ಲೇ ಕೂರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎರಡೇ ಅಳತೆ ಸಾಕು. ಒಂದು, ಬೇರಿನ ಭಾಗದ ಉಪ್ಪು ಆ ಹೊಲದ ಮಾಮೂಲಿ ಮಟ್ಟಕ್ಕಿಂತ ಎಷ್ಟು ಜಾಸ್ತಿ ಇದೆ. ಇದನ್ನು ‘ಉ’ ಅನ್ನೋಣ, ಡೆಸಿಸೀಮೆನ್ಸ್‌ನಲ್ಲಿ. ಇನ್ನೊಂದು, ನೆಲದೊಳಗಿನ ನೀರು ಮಾಮೂಲಿ ಮಟ್ಟಕ್ಕಿಂತ ಎಷ್ಟು ಮೀಟರ್ ಮೇಲೆ ಬಂದಿದೆ. ಇದು ‘ನೀ’. ಒಂದು ಹಂಗಾಮಿನಿಂದ ಮುಂದಿನ ಹಂಗಾಮಿಗೆ ಇವು ಹೀಗೆ ಬದಲಾಗುತ್ತವೆ:

ಮುಂದಿನ ಉ = ಅ × ಉ + ಬ × ನೀ
ಮುಂದಿನ ನೀ = ಕ × ಉ + ಡ × ನೀ

ಈ ಅ, ಬ, ಕ, ಡ ನಾಲ್ಕೇ ನಿಮ್ಮ ಮ್ಯಾಟ್ರಿಕ್ಸ್. ಒಂದೊಂದಕ್ಕೂ ಹೊಲದಲ್ಲಿ ಅರ್ಥ ಇದೆ, ಅದು ತಲೆಯಲ್ಲಿ ಕೂರದೆ ಮುಂದೆ ಹೋಗಬೇಡಿ. ‘ಅ’ ಅಂದರೆ ಈ ಸಲದ ಹೆಚ್ಚುವರಿ ಉಪ್ಪಿನಲ್ಲಿ ಮುಂದಿನ ಸಲಕ್ಕೆ ಎಷ್ಟು ಪಾಲು ಉಳಿಯುತ್ತದೆ. ‘ಡ’ ಅದೇ ರೀತಿ, ಏರಿದ ನೀರಿನಲ್ಲಿ ಎಷ್ಟು ಪಾಲು ಉಳಿಯುತ್ತದೆ. ‘ಬ’ ಅಂದರೆ ನೀರು ಒಂದು ಮೀಟರ್ ಮೇಲೆ ಬಂದರೆ ಎಷ್ಟು ಉಪ್ಪನ್ನು ಮೇಲಕ್ಕೆ ತರುತ್ತದೆ. ‘ಕ’ ಸ್ವಲ್ಪ ವಿಚಿತ್ರ, ಉಪ್ಪು ಏರಿದರೆ ನೀರಿನ ಮಟ್ಟ ಯಾಕೆ ಏರಬೇಕು ಅಲ್ವಾ? ಎರಡು ಕಾರಣ. ಉಪ್ಪಿನಲ್ಲಿ ಬೆಳೆ ಸೊರಗಿದರೆ ಅದು ನೀರು ಎಳೆಯುವುದು ಕಮ್ಮಿ, ಉಳಿದದ್ದು ಕೆಳಗೆ ಇಳಿಯುತ್ತದೆ. ಎರಡನೆಯದು ನಾವೇ ಮಾಡುವುದು. ಉಪ್ಪು ಕಂಡರೆ ತೊಳೆಯೋಣ ಅಂತ ಇನ್ನಷ್ಟು ನೀರು ಬಿಡುತ್ತೇವೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಅಂಕಿಗಳು ಲೆಕ್ಕ ತೋರಿಸಲು ನಾನು ಆರಿಸಿದ್ದು, ನಿಮ್ಮ ಹೊಲದವನ್ನು ನೀವೇ ಅಳೆಯಬೇಕು. ಅ = 0.8, ಬ = 1.0, ಕ = 0.1, ಡ = 0.85. ‘ಅ’ ಮತ್ತು ‘ಡ’ ಎರಡೂ 1ಕ್ಕಿಂತ ಕಮ್ಮಿ ಇವೆ. ಅಂದರೆ ಉಪ್ಪನ್ನಷ್ಟೇ ನೋಡಿದರೆ ಅದು ಹಂಗಾಮಿಗೆ 20% ಇಳಿಯುತ್ತದೆ, ನೀರನ್ನಷ್ಟೇ ನೋಡಿದರೆ ಅದೂ 15% ಇಳಿಯುತ್ತದೆ. ಬೇರೆ ಬೇರೆಯಾಗಿ ಕೇಳಿದರೆ ಎರಡೂ ತಾವಾಗಿಯೇ ವಾಸಿಯಾಗುವ ತೊಂದರೆಗಳು. ಆದರೆ ಸೇರಿಸಿ ನೋಡಿ.

ಉಪ್ಪು ಮಾಮೂಲಿ, ನೀರು ಮಾತ್ರ ಅರ್ಧ ಮೀಟರ್ ಏರಿದೆ ಅಂತ ಶುರು ಮಾಡೋಣ. ಒಂದು ಹಂಗಾಮು ಕಳೆದ ಮೇಲೆ ಉ = 0.5, ನೀ = 0.425. ಎರಡನೆಯದಕ್ಕೆ ಉ = 0.825, ನೀ = 0.411. ನೀರು ಇಳಿಯುತ್ತಿದೆ, ಪರವಾಗಿಲ್ಲ ಅನಿಸುತ್ತದೆ. ಮೂರನೆಯದಕ್ಕೆ ಉ = 1.07, ನೀ = 0.432. ನೀರು ಮತ್ತೆ ಏರಲು ಶುರು. ಐದನೆಯದಕ್ಕೆ ಉ = 1.5, ನೀ = 0.53, ಅಂದರೆ ನೀರು ಶುರುವಿನ ಮಟ್ಟವನ್ನೇ ದಾಟಿತು. ಬರೀ ಎರಡು ಹಂಗಾಮು ನೀರಿನ ಮಟ್ಟ ಅಳೆಯುವ ಕೊಳವೆ ನೋಡಿ ‘ನೀರು ಇಳಿದಿದೆ’ ಅಂತ ವರದಿ ಬರೆದವರು ಇಲ್ಲೇ ಎಡವುತ್ತಾರೆ.

ಆ ಹೆಚ್ಚುವರಿ 1.5 ಬೆಳೆಗೆ ಏನು ಮಾಡುತ್ತದೆ? ಭತ್ತ ಮಣ್ಣಿನ ಇ.ಸಿ. 3ರವರೆಗೆ ತಡೆದುಕೊಳ್ಳುತ್ತದೆ, ಆಮೇಲೆ ಒಂದೊಂದು ಡೆಸಿಸೀಮೆನ್ಸ್‌ಗೂ ಸುಮಾರು 12% ಇಳುವರಿ ಬೀಳುತ್ತದೆ. ಮೊದಲೇ 3ರ ಅಂಚಿನಲ್ಲಿದ್ದ ಹೊಲದಲ್ಲಿ 18% ಹೋಯಿತು. ಹತ್ತಿ 7.7ರವರೆಗೂ ತಡೆಯುತ್ತದೆ, ಆದರೆ ಬೇರಿನಲ್ಲಿ ನೀರು ನಿಂತರೆ ಅದಕ್ಕೆ ಆಗಿಬರುವುದಿಲ್ಲ. ಉಪ್ಪೊಂದನ್ನೇ ನೋಡಿ ಬೆಳೆ ಬದಲಿಸಿದರೆ ಕೆಲಸ ಮುಗಿಯದಿರುವುದು ಅದಕ್ಕೇ.

ಹೀಗೆ ಹಂಗಾಮು ಹಂಗಾಮಿಗೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ, ಒಂದೇ ಸಾಲಿನ ಪರೀಕ್ಷೆ ಇದೆ:

(1 − ಅ) × (1 − ಡ) ದೊಡ್ಡದೋ, ಬ × ಕ ದೊಡ್ಡದೋ?

ಎಡಗಡೆ ಇರುವುದು ಹೊಲ ತಾನಾಗಿ ಸುಧಾರಿಸಿಕೊಳ್ಳುವ ಶಕ್ತಿ. ಬಲಗಡೆ ಇರುವುದು ಉಪ್ಪು ನೀರಿಗೆ, ನೀರು ಉಪ್ಪಿಗೆ ಕೊಡುವ ಕುಮ್ಮಕ್ಕು. ಎಡ ದೊಡ್ಡದಾದರೆ ಸ್ಥಿರ, ಅಂದರೆ ತೊಂದರೆ ತಾನಾಗಿ ಇಳಿಯುತ್ತದೆ. ಬಲ ದೊಡ್ಡದಾದರೆ ಅಸ್ಥಿರ, ಅಂದರೆ ಏರುತ್ತಲೇ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ 0.2 × 0.15 = 0.03, ಬ × ಕ = 0.1. ಅಸ್ಥಿರ. ಈ ಪರೀಕ್ಷೆ ನಡೆಯಬೇಕಾದರೆ ಅ, ಡ ಎರಡೂ 1ಕ್ಕಿಂತ ಕಮ್ಮಿ ಇರಬೇಕು, ನಾಲ್ಕರಲ್ಲಿ ಯಾವುದೂ ಮೈನಸ್ ಇರಬಾರದು. ಎಲ್ಲ ಅಂಕಿ ಪ್ಲಸ್ ಇದ್ದಾಗ ಅತಿ ದೊಡ್ಡ ಐಗನ್ ವ್ಯಾಲ್ಯೂ (ಕೊನೆಗೆ ತೊಂದರೆ ಹಂಗಾಮಿಗೆ ಎಷ್ಟು ಪಟ್ಟು ಆಗುತ್ತದೆ ಅನ್ನುವ ಅಂಕಿ, 1ಕ್ಕಿಂತ ಕಮ್ಮಿ ಇದ್ದರೆ ಸ್ಥಿರ) ಕೂಡ ಪ್ಲಸ್ ಸಂಖ್ಯೆಯೇ ಅಂತ ಜರ್ಮನಿಯ ಪೆರಾನ್ 1907ರಲ್ಲೇ ತೋರಿಸಿದ್ದ, ಈ ಸುಲಭದ ದಾರಿ ಸಿಗುವುದು ಅದರಿಂದ. ನೀರು ಏರಿದ ಕೂಡಲೇ ಪಂಪ್ ಹಚ್ಚಿ ಎತ್ತುವಂಥ ಏರ್ಪಾಡಿದ್ದರೆ ಮೈನಸ್ ಅಂಕಿ ಬರಬಹುದು. ಆಗ ಟ್ರೇಸ್ (ಅ + ಡ) ಮತ್ತು ಡಿಟರ್ಮಿನೆಂಟ್ (ಅ×ಡ − ಬ×ಕ) ತೆಗೆಯಿರಿ. ಡಿಟರ್ಮಿನೆಂಟ್ 1ಕ್ಕಿಂತ ಕಮ್ಮಿ ಇರಬೇಕು, ಟ್ರೇಸ್‌ನ ಗಾತ್ರ (ಮೈನಸ್ ಗುರುತು ಬಿಟ್ಟು) 1 + ಡಿಟರ್ಮಿನೆಂಟ್‌ಗಿಂತ ಕಮ್ಮಿ ಇರಬೇಕು. ಎರಡೂ ಆದರೆ ಸ್ಥಿರ.

ಎಷ್ಟು ವೇಗ ಅಂತ ತಿಳಿಯಲು ಐಗನ್ ವ್ಯಾಲ್ಯೂ ಬೇಕು. ಟ್ರೇಸ್‌ನ ವರ್ಗದಿಂದ ಡಿಟರ್ಮಿನೆಂಟ್‌ನ ನಾಲ್ಕು ಪಟ್ಟು ಕಳೆದು, ವರ್ಗಮೂಲ ತೆಗೆದು, ಟ್ರೇಸ್‌ಗೆ ಕೂಡಿಸಿ ಎರಡರಿಂದ ಭಾಗಿಸಿ. ಇಲ್ಲಿ ಟ್ರೇಸ್ 1.65, ಡಿಟರ್ಮಿನೆಂಟ್ 0.58, ಉತ್ತರ 1.142. ಅಂದರೆ ಕೊನೆಗೆ ತೊಂದರೆ ಹಂಗಾಮಿಗೆ 14% ಬೆಳೆಯುತ್ತದೆ.

ಇದರ ನಿಜವಾದ ಉಪಯೋಗ ಈಗ ಬರುತ್ತದೆ. ಯಾವ ಕೆಲಸ ಮಾಡಿದರೆ ಏನಾಗುತ್ತದೆ ಅಂತ ದುಡ್ಡು ಹಾಕುವ ಮುಂಚೆಯೇ ನೋಡಬಹುದು.

ಎಲ್ಲರಿಗೂ ಮೊದಲು ಹೊಳೆಯುವುದು ಜಾಸ್ತಿ ನೀರು ಬಿಟ್ಟು ತೊಳೆಯುವುದು. ಬಸಿಗಾಲುವೆ ಇಲ್ಲದೆ ಇದನ್ನು ಮಾಡಿದರೆ ‘ಅ’ 0.8ರಿಂದ 0.6ಕ್ಕೆ ಇಳಿಯಿತು ಅಂದುಕೊಳ್ಳಿ, ಒಳ್ಳೆಯದೇ. ಆದರೆ ಉಪ್ಪು ಕಂಡಷ್ಟೂ ನೀರು ಬಿಡುವುದರಿಂದ ‘ಕ’ 0.1ರಿಂದ 0.2ಕ್ಕೆ ಏರಿತು. ಎಡ 0.4 × 0.15 = 0.06, ಬಲ 0.2. ಐಗನ್ ವ್ಯಾಲ್ಯೂ 1.19. ಇದ್ದ 14% ಈಗ 19% ಆಯಿತು! ತೊಳೆದ ಮೇಲೂ ಉಪ್ಪು ಇನ್ನೂ ಜೋರಾಗಿ ವಾಪಸ್ ಬರುವ ದಾರಿ ಇದೇ.

ಎರಡನೆಯದು, ಒಂದು ಮೀಟರ್ ಆಸುಪಾಸಿನ ಆಳದಲ್ಲಿ ತೂತಿರುವ ಪೈಪ್ ಹಾಕಿ ನೀರು ಬಸಿಯುವುದು. ‘ಡ’ 0.85ರಿಂದ 0.4ಕ್ಕೆ ಬಂತು, ಉಳಿದದ್ದೆಲ್ಲ ಹಾಗೇ ಇದೆ ಅಂದುಕೊಳ್ಳಿ. ಎಡ 0.2 × 0.6 = 0.12, ಬಲ 0.1. ಸ್ಥಿರವಾಯಿತು. ಆದರೆ ಐಗನ್ ವ್ಯಾಲ್ಯೂ 0.974, ಅಂದರೆ ತೊಂದರೆ ಅರ್ಧಕ್ಕೆ ಇಳಿಯಲು ಸುಮಾರು 26 ಹಂಗಾಮು. ಸಾಲ ಮಾಡಿ ಪೈಪ್ ಹಾಕಿದವರಿಗೆ ಈ ಉತ್ತರ ಹೇಳಲಾಗುತ್ತಾ? ಪೈಪ್ ಹಾಕಿದ ಮೇಲೆ ತೊಳೆದರೆ ಕಥೆಯೇ ಬೇರೆ. ಉಪ್ಪು ನೀರಿನ ಜೊತೆ ಹೊರಗೆ ಹೋಗುತ್ತದೆ, ‘ಅ’ 0.6, ‘ಡ’ 0.4, ಬಿಟ್ಟ ನೀರು ಪೈಪಿನಲ್ಲೇ ಹೋಗುವುದರಿಂದ ‘ಕ’ 0.1ರಲ್ಲೇ ನಿಂತಿತು. ಐಗನ್ ವ್ಯಾಲ್ಯೂ 0.83, ಹೆಚ್ಚುಕಡಿಮೆ ನಾಲ್ಕು ಹಂಗಾಮಿಗೆ ಅರ್ಧ. ಮೊದಲು ಹಾಳು ಮಾಡಿದ ಅದೇ ತೊಳೆಯುವ ಕೆಲಸ ಈಗ ಹೊಲ ಉಳಿಸುತ್ತದೆ. ಬಸಿಯುವ ದಾರಿ ಮೊದಲು, ತೊಳೆಯುವುದು ಆಮೇಲೆ ಅಂತ ನಾನು ಗಟ್ಟಿಯಾಗಿ ಹೇಳುವುದು ಈ ಲೆಕ್ಕ ನೋಡಿಯೇ.

ಬೇಸಿಗೆಯಲ್ಲಿ ನೆಲ ಬತ್ತಲೆ ಬಿಡದೆ ಹುಲ್ಲು ಹೊದಿಸಿದರೆ ‘ಬ’ ಇಳಿಯುತ್ತದೆ. ಅದೊಂದರಿಂದಲೇ ಸ್ಥಿರ ಮಾಡಬೇಕಾದರೆ ‘ಬ’ 1.0ರಿಂದ 0.3ಕ್ಕೂ ಕೆಳಗೆ ಬರಬೇಕು, ಅದು ಕಷ್ಟ. ಬೇರೆ ಕೆಲಸದ ಜೊತೆಗೆ ಮಾಡಿ.

ಅಂಕಿ ಅಳೆಯುವುದು ಹೇಗೆ? ಎರಡೂವರೆ, ಮೂರು ಮೀಟರ್ ಉದ್ದದ ಪಿವಿಸಿ ಪೈಪಿಗೆ ಕೆಳಭಾಗದಲ್ಲಿ ತೂತು ಕೊರೆದು, ಮಣ್ಣು ಒಳಗೆ ಬಾರದ ಹಾಗೆ ನೈಲಾನ್ ಬಲೆ ಸುತ್ತಿ, ನೆಲದಲ್ಲಿ ಹೂಳಿ, ಮೇಲೆ ಮುಚ್ಚಳ ಹಾಕಿ. ಹದಿನೈದು ದಿನಕ್ಕೊಮ್ಮೆ ತುದಿಗೆ ಭಾರ ಕಟ್ಟಿದ ಟೇಪ್ ಇಳಿಬಿಟ್ಟು ನೀರಿನ ಆಳ ಬರೆದಿಡಿ, ಹಂಗಾಮಿನ ಸರಾಸರಿ ತೆಗೆದುಕೊಳ್ಳಿ. ಮಣ್ಣಿನ ಮಾದರಿಯನ್ನು ಕೊಳವೆಯ ಹತ್ತಿರವೇ, ಪ್ರತಿ ಸಲ ಅದೇ ಆಳದಿಂದ, ಹಂಗಾಮಿನ ಅದೇ ಹೊತ್ತಿನಲ್ಲಿ ತೆಗೆಯಿರಿ. ಮೇಲಿನ ಬಿಳಿ ಪದರ ಕೆರೆದು ಕೊಟ್ಟರೆ ಅಂಕಿ ಸುಳ್ಳಾಗುತ್ತದೆ. ಇನ್ನೊಂದು ಮುಖ್ಯ ವಿಷಯ, ಭತ್ತಕ್ಕೆ 3, ಹತ್ತಿಗೆ 7.7 ಅಂತ ಹೇಳಿದ ಅಂಕಿಗಳು ಮಣ್ಣನ್ನು ಕೆಸರಿನ ಹದಕ್ಕೆ ತಂದು ಹಿಂಡಿದ ನೀರಿನ ಇ.ಸಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅಂಕಿ ಅದಕ್ಕಿಂತ ಬಹಳ ಕಮ್ಮಿ ಬರುತ್ತದೆ. ಲ್ಯಾಬ್‌ನಲ್ಲಿ ಯಾವ ವಿಧಾನ ಅಂತ ಕೇಳಿ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಒಂದೇ ಹೊಲದಲ್ಲಿ ಹತ್ತು ವರ್ಷ ಕಾಯಬೇಕಿಲ್ಲ. ಒಂದೇ ವಿತರಣಾ ಕಾಲುವೆಯ ಕೆಳಗೆ, ಒಂದೇ ತರದ ಮಣ್ಣಿನಲ್ಲಿ ಹತ್ತು ಹನ್ನೆರಡು ಕಡೆ ಕೊಳವೆ ಹಾಕಿದರೆ ಎರಡು ಹಂಗಾಮಿಗೇ ಲೆಕ್ಕಕ್ಕೆ ಸಾಕಾಗುವಷ್ಟು ಸಾಲು ಸಿಗುತ್ತವೆ. ಎಕ್ಸೆಲ್‌ನಲ್ಲಿ ಈ ಹಂಗಾಮಿನ ಉ, ನೀ ಎರಡು ಕಾಲಂ, ಪಕ್ಕದಲ್ಲಿ ಮುಂದಿನ ಹಂಗಾಮಿನ ಉ ಒಂದು ಕಾಲಂ ಇಟ್ಟು ‘ಲೈನೆಸ್ಟ್’ (LINEST) ಫಂಕ್ಷನ್ ಹಾಕಿ. ಅದು ಉತ್ತರವನ್ನು ಉಲ್ಟಾ ಕೊಡುತ್ತದೆ. ಮೊದಲು ‘ಬ’, ಆಮೇಲೆ ‘ಅ’, ಕೊನೆಗೆ ಒಂದು ಬಿಡಿ ಅಂಕಿ. ಆ ಬಿಡಿ ಅಂಕಿ ಅಂದರೆ ಪ್ರತಿ ಹಂಗಾಮಿಗೂ ಹೊರಗಿನಿಂದ ಬಂದು ಸೇರುವ ಪಾಲು. ಅದು ಹೊಲ ಯಾವ ಮಟ್ಟದಲ್ಲಿ ನಿಲ್ಲುತ್ತದೆ ಅನ್ನುವುದನ್ನು ಹೇಳುತ್ತದೆ, ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು ನಾಲ್ಕು ಅಂಕಿಗಳೇ. ಮುಂದಿನ ‘ನೀ’ಗೂ ಹಾಗೇ ಮಾಡಿದರೆ ‘ಕ’, ‘ಡ’ ಸಿಗುತ್ತವೆ.

ಎಡ, ಬಲ ಹತ್ತಿರ ಹತ್ತಿರ ಬಂದರೆ, 0.12ಕ್ಕೆ 0.10 ತರ, ನಂಬಿಬಿಡಬೇಡಿ. ನಾಲ್ಕು ಅಂಕಿಗಳನ್ನೂ ಒಂದೊಂದಾಗಿ 20% ಹೆಚ್ಚು ಕಡಿಮೆ ಮಾಡಿ ಮತ್ತೆ ನೋಡಿ. ಉತ್ತರ ಪಲ್ಟಿ ಹೊಡೆದರೆ ಹೊಲವನ್ನು ಅಸ್ಥಿರ ಅಂತಲೇ ಇಟ್ಟುಕೊಳ್ಳುವುದು ಕ್ಷೇಮ.

ಈ ಲೆಕ್ಕಕ್ಕೆ ಒಂದು ಮಿತಿಯೂ ಇದೆ. ‘ಬ’ ಎಲ್ಲ ಆಳಕ್ಕೂ ಒಂದೇ ಅಲ್ಲ. ನೀರು ನಾಲ್ಕೈದು ಮೀಟರ್ ಕೆಳಗಿದ್ದರೆ ಅದು ಹೆಚ್ಚುಕಡಿಮೆ ಸೊನ್ನೆ, ಒಂದೂವರೆ ಮೀಟರಿನ ಒಳಗೆ ಬಂದರೆ ಜೋರು. ಅಂದರೆ ಅದೇ ಹೊಲ ನೀರು ಆಳದಲ್ಲಿದ್ದಾಗ ಸ್ಥಿರ, ಮೇಲೆ ಬಂದಾಗ ಅಸ್ಥಿರ. ಅದಕ್ಕೇ ಎರಡು ಮ್ಯಾಟ್ರಿಕ್ಸ್ ಮಾಡಿ, ನೀರು ಎರಡು ಮೀಟರಿಗಿಂತ ಕೆಳಗಿರುವ ಕೊಳವೆಗಳದ್ದು ಒಂದು, ಮೇಲಿರುವವುಗಳದ್ದು ಇನ್ನೊಂದು. ಮೊದಲನೆಯದು ಸ್ಥಿರ, ಎರಡನೆಯದು ಅಸ್ಥಿರ ಅಂತ ಬಂದರೆ, ಇನ್ನೂ ನೀರು ಆಳದಲ್ಲಿರುವ ಹೊಲದವರು ಈಗಲೇ ಭತ್ತದಿಂದ ಜೋಳಕ್ಕೋ ಹತ್ತಿಗೋ ಬರುವುದು ಲೇಸು. ದಾಟಿದ ಮೇಲೆ ಬರೀ ಬೆಳೆ ಬದಲಿಸಿದರೆ ಸಾಲದೆ ಹೋಗಬಹುದು, ಆಗ ಪೈಪಿನ ಖರ್ಚೂ ಬೀಳುತ್ತದೆ.

ಕೊನೆಗೆ, ಪೈಪಿನಿಂದ ಬಸಿದ ನೀರು ಹಳ್ಳ ಸೇರಿ ಕೆಳಗಿನವರ ಹೊಲಕ್ಕೆ ಹೋಗುತ್ತದೆ. ಕಾಲುವೆಯ ಕೊನೆಭಾಗದವರಿಗೆ ಮೊದಲೇ ನೀರು ಮುಟ್ಟುವುದಿಲ್ಲ, ಸಿಕ್ಕಿದ್ದು ಸಾಕು ಅಂತ ಹಳ್ಳದ ನೀರನ್ನೇ ಎತ್ತುತ್ತಾರೆ. ಇದನ್ನು ಸೇರಿಸಿದರೆ ನಾಲ್ಕು ಸಾಲಿನ ಮ್ಯಾಟ್ರಿಕ್ಸ್ ಆಗುತ್ತದೆ, ಆದರೆ ಮೇಲಿನಿಂದ ಕೆಳಕ್ಕೆ ಮಾತ್ರ ಪ್ರಭಾವ ಇರುವುದರಿಂದ ಐಗನ್ ವ್ಯಾಲ್ಯೂಗಳು ಎರಡು ಹೊಲಗಳದ್ದು ಬೇರೆ ಬೇರೆ ತೆಗೆದಷ್ಟೇ ಇರುತ್ತವೆ. ಕಾಗದದ ಮೇಲೆ ಎರಡೂ ಸ್ಥಿರ ಅಂತ ಬರಬಹುದು. ಅಷ್ಟರಲ್ಲಿ ಕೆಳಗಿನ ಹೊಲದ ಉಪ್ಪು ಕೆಲವು ಹಂಗಾಮು ಏರಿಯೇ ಇಳಿಯುತ್ತದೆ, ಆ ಹಂಗಾಮುಗಳ ನಷ್ಟ ಅವರದ್ದೇ. ಹಾಗಾಗಿ ಮೊದಲ ದಿನವೇ ಅವರ ಹೊಲದಲ್ಲೂ ಒಂದೆರಡು ಕೊಳವೆ ಹಾಕಿಸಿ, ಅಂಕಿಗಳನ್ನು ಅವರಿಗೂ ತೋರಿಸಿ.